ಮುದ್ದೇಲಿ ಮಡಗಿ ನುಂಗಿದ ಜಿಂಕು

ಪಾಲಹಳ್ಳಿ ಚಿಕ್ಕಯ್ಯನ ನಾಲಿಗೆ ಬಗ್ಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಕು ತಾಲ್ಲೂಕಲ್ಲಿ ಯಾರ್ನ ಕೇಳಿದ್ರೂ ಒಂದೊಂದು ಕತೆ ಹೇಳ್ತಾರೆ. ಅದ್ರಲ್ಲಿ ಅರ್ಧ ನಿಜ. ಯಾವ ಅರ್ಧ ಅನ್ನೋದ್ನ ಇದುವರೆಗೂ ಯಾರೂ ಬೇರೆ ಮಾಡಿ ನೋಡಿಲ್ಲ, ಚಿಕ್ಕಯ್ಯನೂ ನೋಡಿಲ್ಲ.

ಬೀಗರೂಟದಲ್ಲಿ ಉಪ್ಪು ನೋಡೋದು ಅವನ ಕೆಲಸ. ಹೊಟ್ಟೆಪಾಡಿಗೆ ನಾಲೆ ಕೆಳಗೆ ಒಂದಿಷ್ಟು ಗದ್ದೆ ಅದೆ, ಅದು ಬೇರೆ. ಮದುವೆ ಆದ್ಮೇಲೆ ಗಂಡಿನ ಕಡೆಯೋರ್ನ ಕರೆದು ಬಾಡೂಟ ಹಾಕ್ತಾರಲ್ಲ, ಅವತ್ತು ಅಡುಗೆಯೋರು ಬೆಳಕು ಹರಿಯೋಕೆ ಮುಂಚೇನೇ ಎದ್ದು ಖಾರದ ಹೊಗೆ ಕುಡಿದೂ ಕುಡಿದೂ, ಊಟದ ಹೊತ್ತಿಗೆ ಅವ್ರ ನಾಲಿಗೆಗೆ ಉಪ್ಪೂ ಒಂದೇ, ಸುಣ್ಣಾನೂ ಒಂದೇ ಆಗಿರ್ತದೆ. ಅದಕ್ಕೇ ಹೊರಗಿನೋನು ಒಬ್ಬ ಬೇಕು. ಅವನು ಕಾಫೀನೂ ಕುಡೀದೆ ಬಂದು ಕೊಪ್ಪರಿಗೆ ಪಕ್ಕ ನಿಂತು ಅಂಗೈ ಒಡ್ಡಬೇಕು. ಅಡುಗೆಯೋನು ಸೌಟಿನ ತುದೀಲಿ ಒಂದು ತೊಟ್ಟು ಸಾರು ಬಿಡಬೇಕು. ಅವನು ನೆಕ್ಕಿ, ಕಣ್ಣು ಮುಚ್ಚಿ, ಆಮೇಲೆ "ಇಳಿಸ್ರಲಾ" ಅನ್ನಬೇಕು. ಅನ್ನೋವರೆಗೂ ಎಲೆ ಹಾಕಂಗಿಲ್ಲ. ಅಂದ್ಮೇಲೆ ಬೀಗರು ಉಪ್ಪಿನ ವಿಷಯ ಎತ್ತಂಗಿಲ್ಲ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಕವಲಾಗಿ ಊರನ್ನ ಬಳಸ್ಕೊಂಡು ಹೋಗ್ತದಲ್ಲ, ಅನ್ನಕ್ಕೆ ಯಾವ ಕವಲಿನ ನೀರು ಹಾಕವ್ರೆ ಅಂತ ಚಿಕ್ಕಯ್ಯ ಒಂದು ಅಗುಳು ಬಾಯಿಗಿಟ್ಟು ಹೇಳ್ತಿದ್ದ. ಪಾಂಡವಪುರದ ಕಡೆ ಒಂದ್ಸಲ, ಉಪ್ಪು ಸರಿಯಾಗೇ ಅದೆ, ಆದ್ರೆ ಹಾಕಿರೋನು ಎಡಗೈಯೋನು ಅಂದ. ನೋಡಿದ್ರೆ ಹೌದು. ಹೇಮಗಿರಿ ಹತ್ರ ಒಂದು ಊಟದಲ್ಲಿ ಸಾರು ನೆಕ್ಕಿ, "ಈ ಕುರಿ ಸಾಯೋ ಮುಂಚೆ ಬೇಜಾರಲ್ಲಿತ್ತು" ಅಂದ. ವಿಚಾರಿಸಿದ್ರೆ ಅದರ ಜೊತೆ ಕುರೀನ ಹಿಂದಿನ ಸಂತೇಲಿ ಬೇರೆ ಯಾರಿಗೋ ಮಾರಿದ್ರಂತೆ. ಇಂಥದ್ದಕ್ಕೆಲ್ಲ ಯಾರು ಎದುರು ಮಾತಾಡ್ತಾರೆ.

ಅವನು ಈ ಕೆಲಸಕ್ಕೆ ಇಳಿದದ್ದಕ್ಕೆ ಮಾತ್ರ ಒಂದು ಕಾರಣ ಇತ್ತು, ಅದರಲ್ಲಿ ಸುಳ್ಳೇನೂ ಇಲ್ಲ. ತಂಗಿ ಮಾರಮ್ಮನ್ನ ಪಾಂಡವಪುರದ ಹತ್ರದ ಊರಿಗೆ ಕೊಟ್ಟಾಗ, ಬೀಗರೂಟದ ಸಾರಿಗೆ ಉಪ್ಪು ಕಮ್ಮಿ ಬಿದ್ದುಬುಟ್ಟಿತ್ತು. ಅಷ್ಟೇ. ಗಂಡನ ಮನೆಯೋರು ಅವತ್ತಿಂದ ಅವಳನ್ನ "ಸಪ್ಪೆ ಮನೆಯವಳು" ಅಂತ ಕರೆದ್ರು. ಮಕ್ಕಳು ಹುಟ್ಟಿ, ಮಕ್ಕಳಿಗೆ ಮೀಸೆ ಬಂದ್ರೂ ಆ ಹೆಸರು ಹೋಗ್ಲಿಲ್ಲ. ನಾದಿನಿ ಒಬ್ಬಳು ಪ್ರಾಣ ಹೋಗೋ ಹೊತ್ತಲ್ಲೂ "ಸಪ್ಪೆ ಮನೆಯವಳ್ನ ಕರೀರಿ" ಅಂದಳಂತೆ. ಚಿಕ್ಕಯ್ಯ ಆ ಮೇಲಿಂದ ಯಾವ ಹೆಣ್ಣುಮಗಳಿಗೂ ಅಂಥ ಹೆಸರು ಬೀಳ್ದಂಗೆ ನೋಡ್ಕೊಂಡು ಬಂದ.

ಇಂಥ ನಾಲಿಗೆ ಒಂದು ಬೆಳಗ್ಗೆ ಎದ್ದಾಗ ಇರ್ಲಿಲ್ಲ.

ನಾಲಿಗೆ ಇತ್ತು, ಅದರ ಕೆಲಸ ಇರ್ಲಿಲ್ಲ. ಬೇಸಿಗೆ ಮುಂಚೆ ಜ್ವರ ಬಂದು, ಭೇದಿ ಹಿಡಿದು, ಚಿಕ್ಕಯ್ಯ ಸೊರಗಿ ಎದ್ದಿದ್ದ. ಹೆಂಡ್ತಿ ಮಂಚಮ್ಮ ಕಾಫಿ ಕೊಟ್ಲು. ಬಿಸಿನೀರು ಕುಡಿದಂಗಾಯ್ತು. ಮೊದಲು ಹೆಂಡ್ತಿ ಮೇಲೆ ಅನುಮಾನ ಪಟ್ಟ, ಆಮೇಲೆ ಕಾಫಿಪುಡಿ ಮೇಲೆ, ಆಮೇಲೆ ಕಾವೇರಿ ಮೇಲೆ. ಉಪ್ಪಿನಕಾಯಿ ರಸ ನೆಕ್ಕಿದ, ಹಾಗಲಕಾಯಿ ಹಸೀದು ಕಚ್ಚಿದ, ಹಸಿಮೆಣಸಿನಕಾಯಿ ಅಗಿದ. ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ರುಚಿ ಮಾತ್ರ ಬರ್ಲಿಲ್ಲ.

ಇದನ್ನ ಯಾರಿಗೂ ಹೇಳ್ಲಿಲ್ಲ. ಮಂಚಮ್ಮ ತಟ್ಟೆ ಇಟ್ಟಾಗ ಒಂದು ಮುಖ ಮಾಡೋದು ಕಲ್ತ. ಹುಬ್ಬು ಸ್ವಲ್ಪ ಮೇಲೆ, ಗದ್ದ ಸ್ವಲ್ಪ ಒಳಕ್ಕೆ, ಎಲ್ಲೋ ದೂರದಲ್ಲಿ ಬರ್ತಾ ಇರೋ ಬಸ್ಸಿನ ಬೋರ್ಡು ಓದೋನ ತರ. ಆಮೇಲೆ ಚೆನ್ನಾಗದೆ ಅನ್ನೋದು. ಬಾಡು ಬಾಯಿಗಿಟ್ರೆ ಒದ್ದೆ ಹಗ್ಗ ಅಗಿದಂಗಿರೋದು, ಅದಕ್ಕೇ ಬಾಡು ಬುಟ್ಟ. ಮುದ್ದೆಗೆ ಆ ತೊಂದರೆ ಇರ್ಲಿಲ್ಲ. ಮುದ್ದೇನ ಯಾರೂ ಅಗಿಯಲ್ಲ, ನುಂಗ್ತಾರೆ. ಅದಕ್ಕೆ ನಾಲಿಗೆ ದಾರಿ ಬುಟ್ರೆ ಸಾಕು. ಹಂಗಾಗಿ ಹೊತ್ತೊತ್ತಿಗೂ ಮುದ್ದೆ ಆಯ್ತು.

ಕೊನೆಗೆ, ಗದ್ದೆ ಖಾತೆ ವಿಷಯ ಅದೆ ಅಂತ ಹೆಂಡ್ತಿಗೆ ಹೇಳಿ, ಬಸ್ಸತ್ತಿ ಶ್ರೀರಂಗಪಟ್ಟಣಕ್ಕೆ ಡಾಕ್ಟ್ರ ಹತ್ರ ಹೋದ. ಡಾಕ್ಟ್ರು ವಿಜಯೇಂದ್ರ, ಪೂಜೆ ಮಾಡೋರ ಮನೆತನ, ಮಾತು ಕಮ್ಮಿ. ರಕ್ತ ತೆಗೆಸಿ ನೋಡಿ, ಮೈಯಲ್ಲಿ ಜಿಂಕು, ಅಂದ್ರೆ ಸತು, ಕಮ್ಮಿ ಅದೆ, ಒಂದೊಂದ್ಸಲ ನಾಲಿಗೆ ಹಿಂಗಾಗೋದು ಇದರಿಂದಾನೇ ಅಂದ್ರು. ಮಾತ್ರೆ ಬರೆದುಕೊಟ್ಟು, ಊಟಕ್ಕೂ ಇದಕ್ಕೂ ಮಧ್ಯೆ ಎರಡು ಗಂಟೆ ಬಿಡು ಅಂದ್ರು. ಚಿಕ್ಕಯ್ಯ ತಲೆ ಆಡಿಸಿದ. ಆದ್ರೆ ಬರೀ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಕರುಳು ಸುಟ್ಟೋಗ್ತದೆ ಅಂತ ಅವನ ವಂಶದೋರೆಲ್ಲ ತಿಳ್ಕೊಂಡೇ ಬದುಕಿದ್ದೋರು. ಡಾಕ್ಟ್ರು ಒಬ್ರ ಮಾತಿಗೆ ಇಡೀ ವಂಶಾನ ಸುಳ್ಳು ಮಾಡೋದು ಸರಿ ಕಾಣ್ಲಿಲ್ಲ. ಎತ್ತಿಗೆ ಔಷಧಿ ಹಾಕೋದು ಹೆಂಗೆ ಅಂತ ಅವನಿಗೆ ಗೊತ್ತಿತ್ತು. ಅದೇ ತರ ಮುದ್ದೆಯ ಕಡೇ ತುತ್ತಲ್ಲಿ ಮಾತ್ರೆ ಮಡಗಿ, ಉಂಡೆ ಮಾಡಿ, ಸಾರಲ್ಲಿ ಅದ್ದಿ ನುಂಗ್ದ. ಒಂದು ದಿನಾನೂ ತಪ್ಪಿಸಲಿಲ್ಲ. ಮಾತ್ರೆ ಪಟ್ಟಿ ಮೇಲೆ ಪಟ್ಟಿ ಮುಗೀತಾ ಬಂತು, ನಾಲಿಗೆ ಹಂಗೇ ಇತ್ತು.

ಅಷ್ಟೊತ್ತಿಗೆ ಮಾರಮ್ಮ ಬಂದ್ಲು. ಅವಳ ಮಗಳು ಸ್ನೇಹಾನ ನಾಗಮಂಗಲದ ಕಡೆ ಹುಡುಗ ರಾಹುಲ್‌ಗೆ ಕೊಡೋದು ಗಟ್ಟಿ ಆಗಿತ್ತು. ಬೀಗರೂಟ ಮಾರಮ್ಮನ ಮನೆ ಮುಂದೇನೇ. ಅವಳು ಕುಂತ್ಕೊಂಡವಳು ಮದುವೆ ಸೀರೆ ವಿಷಯ ಹೇಳಿದ್ಲು, ಪೆಂಡಾಲು ವಿಷಯ ಹೇಳಿದ್ಲು, ಅವೆಲ್ಲ ಮುಗಿದ್ಮೇಲೆ ಧ್ವನಿ ತಗ್ಗಿಸಿದ್ಲು. ಹುಡುಗನ ಸೋದರಮಾವ ಧರ್ಮೇಂದ್ರ ಅಂತ ಒಬ್ಬ ಅವ್ನೆ. ಆ ಕಡೆಗೆಲ್ಲ ಉಪ್ಪು ನೋಡೋನು ಅವನೇ. ಒಂದು ಲವಂಗ ಹೆಚ್ಚಾಯ್ತು ಅಂತ ಒಂದು ಪಂಕ್ತೀನೇ ಎಬ್ಬಿಸಿದ್ದನಂತೆ. ಅವನು ಬರ್ತಾ ಅವ್ನೆ, ಕೊಪ್ಪರಿಗೆ ಪಕ್ಕದಲ್ಲೇ ನಿಂತ್ಕೋತೀನಿ ಅಂದವ್ನಂತೆ.

"ಅಣ್ಣ, ನನ್ ಕತೆ ಆಯ್ತು. ನನ್ ಮಗೀಗೆ ಅಂಗೆ ಒಂದು ಹೆಸ್ರು ಬೀಳ್ಬಾರ್ದು ಕಣಣ್ಣ" ಅಂದ್ಲು ಮಾರಮ್ಮ. "ನೀನು ನೋಡ್ದೆ ನಾನು ಎಲೆ ಆಕ್ಸಾಕಿಲ್ಲ."

ಚಿಕ್ಕಯ್ಯ ಅದೇ ಮುಖ ಮಾಡಿ, ಬಸ್ಸಿನ ಬೋರ್ಡು ಓದಿ, ಆಯ್ತು ಅಂದ.

ಅವನ ಅಣ್ಣನ ಮಗಳು ಧನುಶ್ರೀ ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದ್ಲು. ವಿಷಯ ಜಿಂಕು. ಹಂಗಂದ್ರೆ ಊರೋರಿಗೆ ಗೊತ್ತಿದ್ದದ್ದು ಗದ್ದೆಗೆ ಎರಚೋ ಜಿಂಕು ಒಂದೇ. ಆ ಹುಡುಗಿ ಗೊಬ್ಬರದಂಗಡಿ ಮಡಗವ್ಳೆ ಅಂತ ಅವಳಜ್ಜಿ ಎಲ್ಲಾರ್ಗೂ ಹೇಳ್ಕೊಂಡು ಬಂದಿತ್ತು. ಅವಳು ಭಾನುವಾರ ಬಂದ್ರೆ ಸಾಕು, ಜನ ಹಳದಿ ತಿರುಗಿದ ಭತ್ತದ ಪೈರು ಕಿತ್ಕೊಂಡು ಬಂದು ಜಗಲಿ ಮೇಲೆ ಮಡಗೋರು. ಅವಳೂ ನೋಡಿ ಹೇಳೋಳು, ಪಾಪ.

ಆ ಭಾನುವಾರ ಪೈರಿನೋರೆಲ್ಲ ಹೋದ್ಮೇಲೆ ಚಿಕ್ಕಯ್ಯ ಅವಳ ಪಕ್ಕ ಕುಂತು, ಕೆ.ಆರ್.ಪೇಟೆ ಕಡೆ ತನಗೊಬ್ಬ ಸ್ನೇಹಿತ ಅವ್ನೆ, ಅವನಿಗೆ ಬಾಯಿ ರುಚಿ ಹೋಗ್ಬುಟ್ಟದೆ, ಜಿಂಕು ಕಮ್ಮಿ ಅಂದವ್ರಂತೆ, ನಾಲಿಗೆಗೂ ಜಿಂಕಿಗೂ ಏನು ಸಂಬಂಧ ಅಂತ ಕೇಳ್ದ. ಧನುಶ್ರೀ ಅವನ ಮುಖ ಒಂದು ಗಳಿಗೆ ನೋಡಿದ್ಲು. ನಿಮ್ಮ ಸ್ನೇಹಿತರ ಹೆಸರೇನು ಅಂತ ಮಾತ್ರ ಕೇಳ್ಲಿಲ್ಲ. ಒಳ್ಳೆ ಹುಡುಗಿ.

ಅವಳು ಹೇಳಿದ್ದು ಇಷ್ಟು. ಮೈಯೆಲ್ಲ ಜೀವಕೋಶ ಅನ್ನೋ ಸಣ್ಣ ಸಣ್ಣ ಮನೆ. ಒಂದೊಂದು ಮನೇಲೂ ಎಂಜೈಮು ಅಂತ ಸಾವಿರಾರು ಆಳುಗಳು, ಕತ್ತರಿಸೋರು, ಜೋಡಿಸೋರು, ಒಡೆಯೋರು. ಅವರಲ್ಲಿ ನೂರಾರು ಜನಕ್ಕೆ ಒಡಲೊಳಗೆ ಒಂದು ಜಿಂಕು ಕೂರಿಸಿದ್ರೇನೇ ಕೈಯಾಡೋದು. ಅಲ್ಲೀವರೆಗೂ ಆಳು ಹುಟ್ಟಿರ್ತದೆ, ಕೈಕಾಲು ಬಂದಿರ್ತದೆ, ಸುಮ್ನೆ ನಿಂತಿರ್ತದೆ. ಉಗುಳಲ್ಲೂ ಅಂಥದ್ದೊಂದು ಎಂಜೈಮು ಅದೆ, ನಾಲಿಗೆ ಮೇಲಿನ ರುಚಿ ಮೊಗ್ಗುಗಳನ್ನ ನೋಡ್ಕೊಳ್ಳೋದು ಅದೇ ಅಂತಾರೆ. ಅದಕ್ಕೂ ಜಿಂಕು ಬೇಕು.

ಗದ್ದೆಗೆ ನೀರು ಬುಡೋ ನೀರಗಂಟೀನ ತೂಬಿನ ಬೀಗದಕೈ ಕೊಡದೆ ನಿಲ್ಲಿಸಿದಂಗೆ, ಅಂದ ಚಿಕ್ಕಯ್ಯ. ಹೌದು ಅಂದ್ಲು.

ಹಂಗಾದ್ರೆ ಜಿಂಕಿನ ರಾಶಿ ಹಾಕ್ಬುಟ್ರೆ ಅವ್ರವ್ರೇ ಎತ್ಕೋತಾರಲ್ಲ ಅಂದ. ಇಲ್ಲ ಅಂದ್ಲು. ಜಿಂಕು ಬಾಳ ಅಂಟು ಸ್ವಭಾವದ್ದು. ಎಲ್ಲಿ ಜಾಗ ಸಿಕ್ತೋ ಅಲ್ಲಿ ಕುಂತುಬುಡ್ತದೆ, ಕಬ್ಬಿಣ ಕೂರ್ಬೇಕಾದ ಕಡೇನೂ ಕೂರ್ತದೆ, ಕೂತ್ರೆ ಏಳಲ್ಲ. ಅದಕ್ಕೇ ಜೀವಕೋಶ ಒಂದೇ ಒಂದು ಜಿಂಕನ್ನೂ ಒಂಟಿಯಾಗಿ ಅಡ್ಡಾಡೋಕೆ ಬುಡಲ್ಲ. ಒಳಕ್ಕೆ ಬುಡೋ ಬಾಗಿಲು ಬೇರೆ, ಆಚೆ ಕಳಿಸೋ ಬಾಗಿಲು ಬೇರೆ. ಹೆಚ್ಚಾದ್ರೆ ಚೀಲದಲ್ಲಿ ತುಂಬಿ ಬಾಯಿ ಕಟ್ತದೆ. ಕಮ್ಮಿ ಆದಾಗ, ಕೈಹಿಡ್ಕೊಂಡು ಹೋಗಿ ಒಂದು ಗೊತ್ತಾದ ಎಂಜೈಮಿಗೇನೇ ಜಿಂಕು ಕೂರಿಸಿ ಬರೋನು ಒಬ್ಬ ಅವ್ನೆ. ಇವನ್ನ ಕಂಡುಹಿಡಿದು ಹೆಚ್ಚು ವರ್ಷ ಆಗಿಲ್ಲ. ಧನುಶ್ರೀ ಓದ್ತಾ ಇರೋದು ಇವನ ಮೇಲೇನೇ.

ಇಲ್ಲೀವರೆಗೂ ತಲೆ ಕೆರ್ಕೊಂಡು ಕೇಳ್ತಾ ಇದ್ದ ಚಿಕ್ಕಯ್ಯಂಗೆ ಒಂದೇ ಸಲಕ್ಕೆ ಎಲ್ಲಾ ಅರ್ಥ ಆಯ್ತು.

"ತುಂಡು ಬಡಿಸೋನು ಅನ್ನು" ಅಂದ.

ಅವಳಿಗೆ ಅರ್ಥ ಆಗ್ಲಿಲ್ಲ. ಅವನೇ ಬುಡಿಸಿ ಹೇಳ್ದ. ಬೀಗರೂಟದಲ್ಲಿ ಸಾರಿನ ಬಕೀಟು ಯಾರು ಬೇಕಾದ್ರೂ ಹಿಡೀಬೋದು. ಬಾಡಿನ ತುಂಡಿನ ಬಕೀಟು ಮಾತ್ರ ಒಬ್ಬನ ಕೈಲೇ. ಅವನಿಗೆ ಯಾವ ಎಲೇಲಿ ಗಂಡಿನ ಮಾವ ಕುಂತವ್ನೆ, ಯಾವ ಎಲೇಲಿ ಬರೀ ಹೆಸರಿಗೆ ಬಂದಿರೋನು ಕುಂತವ್ನೆ ಅಂತ ಗೊತ್ತಿರ್ತದೆ. ತುಂಡು ಕಮ್ಮಿ ಬಿತ್ತು ಅಂತ ಅಡುಗೆಯೋನು ಕಣ್ಣು ಹೊಡೆದ ಅಂದ್ರೆ, ಬೇಕಾದ ಎಲೆಗೆ ತುಂಡು, ಮಿಕ್ಕಿದ್ದಕ್ಕೆ ರಸ. ಬಕೀಟನ್ನ ಪಂಕ್ತಿ ಮಧ್ಯೆ ಮಡಗಿ, ತಕ್ಕೊಳ್ಳಿ ಅಂದ್ರೆ ಮದುವೇನೇ ಮುರಿದೋಗ್ತದೆ.

ಹೆಚ್ಚೂಕಮ್ಮಿ ಅಷ್ಟೇ ಚಿಕ್ಕಪ್ಪ ಅಂದ್ಲು ಧನುಶ್ರೀ. ಆ ಬಡಿಸೋನಿಗೂ ಜಿಂಕು ಕೂರಿಸೋಕೆ ಒಂದು ತುತ್ತು ಶಕ್ತಿ ಕೊಡಬೇಕಂತೆ. ಅದೂ ಸರಿ ಅಂದ ಚಿಕ್ಕಯ್ಯ, ತುಂಡು ಬಡಿಸೋನು ಯಾವತ್ತೂ ಹಸ್ಕೊಂಡು ಬಡಿಸಿದ್ದಿಲ್ಲ.

ಮೊದಲ ಎಲೇಲಿ ಯಾರು ಕುಂತವ್ರೆ ಅಂತ ಕೇಳ್ದ. ಹೊಸದಾಗಿ ಹುಟ್ಟೋ ಪ್ರೋಟೀನುಗಳ ತಲೆ ತುದಿ ಕತ್ತರಿಸಿ ಸರಿ ಮಾಡೋ ಎಂಜೈಮು ಒಂದು ಅದೆ, ಅದು ನಿಂತ್ರೆ ಎಲ್ಲಾ ನಿಲ್ತದೆ, ಅದಕ್ಕೇ ಮೊದಲು ಅಂದ್ಲು. ನಾಲಿಗೆ? ನಾಲಿಗೆ ಕೊನೇ ಪಂಕ್ತಿ ಇರ್ಬೇಕು, ಇದು ನನ್ನ ಅಂದಾಜು, ಎಲ್ಲೂ ಬರೆದಿಲ್ಲ ಅಂದ್ಲು. ಬದುಕೋಕೆ ರುಚಿ ಬೇಕೇಬೇಕು ಅಂತೇನೂ ಇಲ್ವಲ್ಲ.

ತನ್ನ ಮೈಯೊಳಗಿನೋರೇ ತನ್ನ ನಾಲಿಗೇನ ರಸದ ಎಲೇಲಿ ಕೂರಿಸವ್ರೆ ಅನ್ನೋದು ಚಿಕ್ಕಯ್ಯಂಗೆ ಅಷ್ಟು ಹಿಡಿಸಲಿಲ್ಲ.

"ನಿಮ್ಮ ಸ್ನೇಹಿತರು ಮಾತ್ರೆ ಹೇಗೆ ತಗೋತಾರೆ ಚಿಕ್ಕಪ್ಪ?" ಅಂದ್ಲು.

"ಮುದ್ದೇಲಿ ಮಡಗಿ ನುಂಗ್ತೀನಿ" ಅಂದ. ಅಂದ್ಮೇಲೆ ಬಾಯಿ ಮುಚ್ಕೊಂಡ, ಹೊತ್ತು ಮೀರಿತ್ತು.

ಅವಳು ನಗಲಿಲ್ಲ. ಗದ್ದೆಗೆ ಜಿಂಕು ಹಾಕೋವಾಗ ಡಿಎಪಿ ಗೊಬ್ಬರದ ಜೊತೆ ಬೆರೆಸ್ತೀರಾ ಅಂತ ಕೇಳಿದ್ಲು. ಯಾವ ಬೋಳಿಮಗ ಬೆರೆಸ್ತಾನೆ, ಅದರ ರಂಜಕ ಜಿಂಕನ್ನ ಹಿಡ್ಕೊಂಡುಬುಡ್ತದೆ, ಬೇರಿಗೆ ಸಿಕ್ಕಲ್ಲ, ಎರಡರ ಮಧ್ಯೆ ದಿನ ಬುಡಬೇಕು ಅಂತ ಚಿಕ್ಕಯ್ಯ ರೇಗ್ದ. ರಾಗೀಲೂ ಅಂಥದ್ದೇ ಒಂದು ರಂಜಕದ ಅಂಶ ಅದೆ ಚಿಕ್ಕಪ್ಪ ಅಂದ್ಲು. ಮಾತ್ರೇನ ಮುದ್ದೇಲಿ ಸುತ್ತಿ ನುಂಗಿದ್ರೆ, ಅದು ಜಿಂಕನ್ನ ಕರುಳಲ್ಲೇ ಹಿಡ್ಕೊಂಡು ಹಂಗೇ ಆಚೆಗೆ ಕರ್ಕೊಂಡೋಗ್ತದೆ. ಇಷ್ಟು ದಿನ ನೀವು ನುಂಗಿದ್ದ ಜಿಂಕು ಬಾಗಿಲವರೆಗೂ ಬಂದಿರೋದೇ ಅನುಮಾನ. ಬಡಿಸೋನು ಏನು ಮಾಡ್ತಾನೆ, ಬಕೀಟೇ ಖಾಲಿ.

ಚಿಕ್ಕಯ್ಯ ಜಗಲಿ ಮೇಲೆ ಬಿದ್ದಿದ್ದ ಹಳದಿ ಪೈರೊಂದನ್ನ ಎತ್ಕೊಂಡು ನೋಡ್ತಾ ಕುಂತ.

ಮಾರನೇ ದಿನದಿಂದ ಬೆಳಗ್ಗೆ ಬರೀ ಹೊಟ್ಟೇಲಿ ಮಾತ್ರೆ ನುಂಗ್ದ. ವಾಂತಿ ಬಂದಂಗಾಗೋದು, ಕಂಬ ಹಿಡ್ಕೊಂಡು ತಡಕೊಂಡ. ಬಾಡಲ್ಲೂ ಜಿಂಕು ಅದೆ ಅಂತ ಬಾಡನ್ನ ಕಷಾಯ ಕುಡಿಯೋನ ತರ ತಿಂದ. ಮುದ್ದೆ ಬೇಡ ಅಂದ. ಆ ಮನೇಲಿ ಮುದ್ದೆ ಬೇಡ ಅಂದೋರು ಇದುವರೆಗೂ ಆಮೇಲೆ ಹೆಚ್ಚು ದಿನ ಬದುಕಿದ್ದಿಲ್ಲ. ಮಂಚಮ್ಮ ಸೌಟು ಕೆಳಗಿಟ್ಟು ಎದುರಿಗೆ ಬಂದು ಕುಂತ್ಲು. ಅವನು ವಿಷಯ ಹೇಳೋಕೆ ಬಾಯಿ ತೆಗೆದ.

"ನಂಗೊತ್ತು ಬುಡು" ಅಂದ್ಲು. "ಯುಗಾದೀಲೇ ಒಂದಿನ ಸಾರಿಗೆ ಉಪ್ಪಾಕೋದ್ನೇ ಮರ್ತಿದ್ದೆ. ಬಾಳ ಚೆನ್ನಾಗದೆ ಅಂದು ಇನ್ನೊಂದ್ಸಲ ಬಡಿಸ್ಕಂಡೆ."

ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದದ್ದಕ್ಕೆ, ನೀನು ಹೇಳ್ಲಿ ಅಂತ ಕಾಯ್ತಿದ್ದೆ ಅಂದ್ಲು. ಆಮೇಲೆ ಅವಳೇ ಧನುಶ್ರೀಗೆ ಫೋನು ಮಾಡಿ ಕೇಳಿ, ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿಸಿದ್ಲು. ಮೊಳಕೆ ಬಂದ್ರೆ ರಾಗಿ ಹಿಡಿತ ಸಡಿಲ ಆಗ್ತದಂತೆ. ಆಯ್ತು, ಆದ್ರೆ ಆ ಹಿಟ್ಟಿನ ಮುದ್ದೇನೂ ಸಡಿಲ ಆಯ್ತು. ತಟ್ಟೇಲಿ ಎದ್ದು ಕೂರ್ಲೇ ಇಲ್ಲ, ಮಲಗೇ ಇತ್ತು. ಚಿಕ್ಕಯ್ಯ ಅದನ್ನ ಚಮಚದಲ್ಲಿ ತಿಂದ. ಮಂಡ್ಯ ಜಿಲ್ಲೇಲಿ ಮುದ್ದೇನ ಚಮಚದಲ್ಲಿ ತಿಂದೋನು ಇವನೊಬ್ಬನೇ ಇರ್ಬೇಕು. ಅದಕ್ಕೇ ಬಾಗಿಲು ಹಾಕ್ಕೊಂಡು ತಿಂದ.

ಬೀಗರೂಟ ಹತ್ರ ಬರ್ತಾ ಒಂದು ಬೆಳಗ್ಗೆ ಮಾತ್ರೆ ಕರಗೋವಾಗ ನಾಲಿಗೆ ತುದೀಲಿ ಒಂದು ಚೂರು ಕಹಿ ಅನ್ನಿಸ್ತು. ಅಷ್ಟೊಂದು ಸಂತೋಷವಾಗಿ ಯಾರೂ ಕಹಿ ಉಂಡಿರಲಾರ್ರು. ಇನ್ನೇನು ಬಂದೇಬುಡ್ತು, ಅಲ್ಲೀವರೆಗೂ ಮಾರಮ್ಮನಿಗೆ ಹೇಳೋದು ಬೇಡ ಅಂದ್ಕೊಂಡ. ಮಂಚಮ್ಮ ಹೇಳ್ಬುಡು ಅಂದ್ಲು. ಅವನು ಕೇಳ್ಲಿಲ್ಲ.

ಆ ದಿನ ಮಾರಮ್ಮನ ಮನೆ ಹಿಂದೆ ಕೊಪ್ಪರಿಗೆ ಕುದೀತಿತ್ತು. ಅಡುಗೆ ಅಶೋಕ್‌ನದು, ಪಾಂಡವಪುರದೋನು, ಒಳ್ಳೆ ಕೈ. ನಾಗಮಂಗಲದೋರು ಬಸ್ಸಿಳಿದು ಪೆಂಡಾಲಲ್ಲಿ ಕುಂತಿದ್ರು. ಧರ್ಮೇಂದ್ರ ಮಾತ್ರ ನೆಟ್ಟಗೆ ಹಿಂದಕ್ಕೇ ಬಂದ. ಬಿಳಿ ಪಂಚೆ, ಬಿಳಿ ಶರ್ಟು, ಎದೆ ಮೇಲೆ ಕೈ ಕಟ್ಟಿದ್ದ. ಇಬ್ರೂ ನಮಸ್ಕಾರ ಮಾಡ್ಕೊಂಡ್ರು, ಮಳೆ ವಿಷಯ ಮಾತಾಡಿದ್ರು. ಸುತ್ತ ಜನ ಸೇರ್ತಾ ಬಂತು. ಮಾರಮ್ಮ ಬಾಗಿಲಲ್ಲಿ ನಿಂತು ಸೆರಗು ಬಿಗಿಯಾಗಿ ಹಿಡ್ಕೊಂಡಿದ್ಲು.

ಅಶೋಕ್ ಸೌಟು ಬಗ್ಗಿಸಿದ. ಚಿಕ್ಕಯ್ಯ ಅಂಗೈ ಒಡ್ಡಿ, ನೆಕ್ಕಿ, ಕಣ್ಣು ಮುಚ್ಚಿದ. ಬಿಸಿ ಇತ್ತು. ಅಷ್ಟೇ ಇತ್ತು. ಉಪ್ಪಿಗೋಸ್ಕರ ನಾಲಿಗೇನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹುಡುಕ್ದ, ಹಿಂದಕ್ಕೂ ಹುಡುಕ್ದ. ಇದೆಯೋ ಇಲ್ವೋ ಅಂತಾನೂ ಹೇಳೋಕಾಗ್ಲಿಲ್ಲ. ಕುರುಡನಿಗೆ ದೀಪ ಉರೀತಾ ಅದೋ ಇಲ್ವೋ ಅಂತ ಕೇಳಿದಂಗಾಯ್ತು.

ಕಣ್ಣು ಬುಟ್ಟು, "ಇವತ್ತು ಬೀಗ್ರು ನೋಡ್ಲಿ" ಅಂದ.

ಧರ್ಮೇಂದ್ರ ಒಂದೆಜ್ಜೆ ಹಿಂದಕ್ಕೆ ಹೋದ. ಹಂಗೆಲ್ಲಾದ್ರೂ ಉಂಟಾ, ನಿಮ್ಮೂರಲ್ಲಿ ನಾವು ನೋಡೋದಾ ಅಂದ. ನೀವು ದೊಡ್ಡೋರು ಅಂದ ಚಿಕ್ಕಯ್ಯ. ನಿಮಗಿಂತಲಾ ಅಂದ ಧರ್ಮೇಂದ್ರ. ಹಿಂಗೇ ನೀವು, ಇಲ್ಲ ನೀವು ಅಂತ ಎಷ್ಟು ಹೊತ್ತು ನಡೀತು ಅಂದ್ರೆ, ಜನಕ್ಕೆ ಕಣ್ಣಲ್ಲಿ ನೀರು ಬಂತು. ಬೀಗರು ಅಂದ್ರೆ ಹಿಂಗಿರಬೇಕು ಅಂದ್ರು. ಆ ಮರ್ಯಾದೆ ವಿಷಯ ಈಗ್ಲೂ ಆ ಕಡೆ ಮಾತಾಡ್ಕೋತಾರೆ. ಕೊಪ್ಪರಿಗೇಲಿ ಸಾರು ಕುದ್ದು ಒಂದು ಬೆರಳು ಇಳೀತು.

ಚಿಕ್ಕಯ್ಯಂಗೆ ತಡೀಲಿಲ್ಲ. ಎಲ್ಲಾರ ಮುಂದೇನೇ, ನಾಲಿಗೆ ಹೋಗಿ ತಿಂಗಳುಗಟ್ಟಲೆ ಆಯ್ತು, ನನಗೆ ಉಪ್ಪು ಗೊತ್ತಾಗ್ತಿಲ್ಲ ಅಂದುಬುಟ್ಟ. ಜನ ಇನ್ನೂ ಕರಗೋದ್ರು. ಬೀಗರಿಗೆ ಮರ್ಯಾದೆ ಕೊಡಾಕೆ ಎಂಥ ಸುಳ್ಳು ಏಳ್ತಾನೆ ನೋಡ್ಲಾ ಅಂತ ಯಾರೋ ಮೂಗು ಸೀಟಿದ್ರು. ಚಿಕ್ಕಯ್ಯ ಬದುಕಲ್ಲಿ ಇಷ್ಟು ಜನರ ಮುಂದೆ ಹೇಳಿದ ನಿಜ ಇದೊಂದೇ. ಒಬ್ಬನೂ ನಂಬಲಿಲ್ಲ.

ಇನ್ನು ಧರ್ಮೇಂದ್ರನಿಗೆ ದಾರಿ ಇರ್ಲಿಲ್ಲ. ಅಂಗೈ ಒಡ್ಡಿ ನೆಕ್ಕಿದ. ಹುಬ್ಬು ಸ್ವಲ್ಪ ಮೇಲಕ್ಕೆ ಹೋಯ್ತು, ಗದ್ದ ಸ್ವಲ್ಪ ಒಳಕ್ಕೆ ಹೋಯ್ತು, ಕಣ್ಣು ಎಲ್ಲೋ ದೂರದಲ್ಲಿ ಬರ್ತಾ ಇರೋ ಬಸ್ಸಿನ ಬೋರ್ಡು ಓದ್ತು.

"ಸರಿಯಾಗೇ ಅದೆ" ಅಂದ.

ಆ ಮುಖದ ಗುರುತು ಹಿಡಿಯೋಕೆ ಚಿಕ್ಕಯ್ಯಂಗೆ ನಾಲಿಗೆ ಬೇಕಿರ್ಲಿಲ್ಲ. ಅವನೇ ದಿನಾ ಮಂಚಮ್ಮನ ಮುಂದೆ ಮಾಡ್ತಿದ್ದ ಮುಖ ಅದು. ನಾಗಮಂಗಲದ ಬಾಯೀಲೂ ಏನೂ ಇಲ್ಲ.

ಈಗ "ಇಳಿಸ್ರಲಾ" ಅಂದ್ರೆ ಮುಗೀತು. ತಪ್ಪಾಗಿದ್ರೂ ಗಂಡಿನ ಕಡೆಯೋನೇ ಒಪ್ಪಿದ್ದು, ಚಿಕ್ಕಯ್ಯನ ಹೆಸರಿಗೆ ಏನೂ ಆಗಲ್ಲ. ಅಶೋಕ್ ಕೊಪ್ಪರಿಗೆ ಕಿವಿಗೆ ಕೋಲು ಸಿಗಿಸಿ ಅವನ ಬಾಯೇ ನೋಡ್ತಿದ್ದ. ಚಿಕ್ಕಯ್ಯ ಬಾಗಿಲ ಕಡೆ ನೋಡ್ದ. ಅಲ್ಲಿ ಮಾರಮ್ಮನ ಹಿಂದೆ ಸ್ನೇಹ ಬಂದು ನಿಂತಿದ್ಲು, ಹೊಸ ತಾಳಿ ಇನ್ನೂ ಅರಿಶಿನದ ದಾರದಲ್ಲೇ ಇತ್ತು.

"ಮಂಚಿ, ಬಾ ಇಲ್ಲಿ" ಅಂದ.

ಹೆಂಗಸರು ಕೊಪ್ಪರಿಗೆ ಹತ್ರ ಬಂದು ಉಪ್ಪು ನೋಡಿದ್ದು ಆ ಊರಲ್ಲಿ ಅವತ್ತೇ ಮೊದಲು. ಮಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದು, ಅಂಗೈ ಒಡ್ಡಿ, ನೆಕ್ಕಿದ್ಲು. ಕಣ್ಣೇನೂ ಮುಚ್ಚಲಿಲ್ಲ. ಗಂಡನ ಕಿವಿ ಹತ್ರ ಬಗ್ಗಿ, "ಉಪ್ಪೇ ಬಿದ್ದಿಲ್ಲ ಕಣೋ" ಅಂದ್ಲು.

ಅಶೋಕ್ ಹಾಕಿರ್ತಾನೆ ಅಂತ ಮಸಾಲೆ ರುಬ್ಬೋನು, ಮಸಾಲೆ ರುಬ್ಬೋನು ಹಾಕಿರ್ತಾನೆ ಅಂತ ಅಶೋಕ್, ಇಬ್ರೂ ಬುಟ್ಟಿದ್ರು. ಈಗ ಉಪ್ಪು ಹಾಕ್ಸಿದ್ರೆ, ಸರಿಯಾಗೇ ಅದೆ ಅಂದಿದ್ದ ಧರ್ಮೇಂದ್ರನ ಮಾನ ಹೋಗ್ತದೆ. ಬೀಗರ ಮಾನ ಹೋದ್ರೆ ಸ್ನೇಹಳಿಗೆ ಬೀಳೋ ಹೆಸರು ಸಪ್ಪೆಗಿಂತಲೂ ಕಡೆ. ಹಾಕ್ಸದಿದ್ರೆ ಸಪ್ಪೇನೇ. ಚಿಕ್ಕಯ್ಯ ಅಷ್ಟೂ ಜನಕ್ಕೆ ಕೇಳೋ ಹಂಗೆ ಗಂಟಲು ಸರಿಮಾಡ್ಕೊಂಡ.

"ಬೀಗ್ರು ಏಳಿದ್ದು ಸರಿಯಾಗೇ ಅದೆ. ಅವ್ರದ್ದು ಕೊಳವೆಬಾವಿ ನೀರು ಕುಡಿಯೋ ಸೀಮೆ, ನೀರಲ್ಲೇ ಉಪ್ಪದೆ, ಸಾರಿಗೆ ಬೇಕಿಲ್ಲ. ನಾವು ನಾಲೆ ನೀರಿನೋರು, ನಮ್ಗೆ ಒಂದೀಟು ಹೆಚ್ಚಿಗೆ ಬೇಕು. ನಮ್ ಕಡೆಯೋರೂ ಉಣ್ಬೇಕಲ್ಲ. ಬೀಗ್ರು ಅಪ್ಪಣೆ ಕೊಟ್ರೆ ನಮ್ ಮನೆಯೋಳು ಆಕ್ತಾಳೆ."

ಧರ್ಮೇಂದ್ರ ಅವನ ಮುಖ ನೋಡ್ದ.

"ಧಾರಾಳವಾಗಿ ಆಕಿ" ಅಂದ ಧರ್ಮೇಂದ್ರ. "ನಮ್ದೇನೂ ಅಭ್ಯಂತರ ಇಲ್ಲ."

ಮಂಚಮ್ಮ ಬೊಗಸೆ ಬೊಗಸೆ ಉಪ್ಪು ಹಾಕಿ, ಸೌಟಾಡಿಸಿ, ಕುದಿಸಿ, ಮತ್ತೆ ನೆಕ್ಕಿ, ಇನ್ನೊಂದು ಹಿಡಿ ಹಾಕಿದ್ಲು. "ಇಳಿಸ್ರಪ್ಪಾ" ಅಂದವಳೂ ಅವಳೇ. ನಾಗಮಂಗಲದೋರು ಬೆರಳು ಚೀಪಿ ಚೀಪಿ ಉಂಡ್ರು. ನಾಲೆ ನೀರಿನೋರ ಸಾರಿನ ರುಚೀನೇ ಬೇರೆ ಅಂದ್ರು. ಮಾರಮ್ಮ ಒಳಗೆ ಹೋಗಿ ಕುಂತ್ಲು, ಬಾಳ ಹೊತ್ತು ಈಚೆಗೆ ಬರ್ಲಿಲ್ಲ.

ಕಡೇ ಪಂಕ್ತೀಲಿ ಚಿಕ್ಕಯ್ಯನೂ ಧರ್ಮೇಂದ್ರನೂ ಅಕ್ಕಪಕ್ಕ ಕುಂತಿದ್ರು. ಅರ್ಧ ಊಟ ಆದ್ಮೇಲೆ ಧರ್ಮೇಂದ್ರ ಎಲೆ ನೋಡ್ಕೊಂಡೇ, ನಿಮಗೆ ಯಾವಾಗಿಂದ ಅಂದ. ಬೇಸಿಗೆ ಮುಂಚೆಯಿಂದ ಅಂದ ಚಿಕ್ಕಯ್ಯ. ನಂದು ಹೋದ್ವರ್ಷ ಜ್ವರ ಬಂದಾಗಿಂದ ಅಂದ ಧರ್ಮೇಂದ್ರ. ಆ ಲವಂಗ ಹೆಂಗೆ ಹಿಡಿದ್ರಿ ಅಂತ ಚಿಕ್ಕಯ್ಯ ಕೇಳ್ದ. ಹಲ್ಲಿಗೆ ಸಿಕ್ತು ಅಂದ. ಚಿಕ್ಕಯ್ಯ ಅವನಿಗೆ ಜೀವಕೋಶ, ಬಾಗಿಲು, ತುಂಡು ಬಡಿಸೋನು, ಎಲ್ಲಾ ಹೇಳ್ದ. ಧರ್ಮೇಂದ್ರ ಎಲ್ಲಾ ಒಪ್ಪಿದ, ಮುದ್ದೆ ವಿಷಯ ಬಂದಾಗ ಮಾತ್ರ ತುತ್ತು ಕೈಯಲ್ಲೇ ನಿಂತೋಯ್ತು. ಮೊದಲು ಡಾಕ್ಟ್ರಿಗೆ ತೋರಿಸಿ, ನಿಮ್ಮದು ಇದೇನೋ ಬೇರೇನೋ, ಇವತ್ತು ಉಣ್ಣಿ ಅಂದ ಚಿಕ್ಕಯ್ಯ. ತೋರಿಸಿದ್ರೆ ಅವನದ್ದೂ ಜಿಂಕೇ ಆಯ್ತು. ಅಂಬಲೀನೂ ರಾಗಿ ಲೆಕ್ಕಕ್ಕೇ ಬರ್ತದಾ ಅಂತ ಕೇಳೋಕೆ ಆಮೇಲೆ ಎಷ್ಟೋ ಸಲ ಫೋನು ಮಾಡ್ದ.

ಮುಂಗಾರು ಕಳೆಯೋ ಹೊತ್ತಿಗೆ ಚಿಕ್ಕಯ್ಯನ ನಾಲಿಗೆ ಬಂತು. ಮೊದಲು ಹುಳಿ ಬಂತು, ಆಮೇಲೆ ಸಿಹಿ, ಕಡೆಗೆ ಉಪ್ಪು. ಮೈಯೊಳಗೆ ಬಡಿಸೋನು ಕೊನೇ ಪಂಕ್ತಿವರೆಗೂ ಬಂದ ಅಂತ ಧನುಶ್ರೀಗೆ ಹೇಳ್ದ. ಅವಳು ಇದನ್ನ ಎಲ್ಲಾದ್ರೂ ಬರೀಬೋದಾ ಅಂದ್ಲು. ಬೇಡ ಅಂದ.

ಅಷ್ಟರಲ್ಲಿ ಕೆ.ಆರ್.ಪೇಟೆ ತಾಲ್ಲೂಕಿಂದ ಕಿಶನ್ ಅನ್ನೋನು ಮಗಳ ಬೀಗರೂಟಕ್ಕೆ ಕರೆಯೋಕೆ ಬಂದ. ಚಿಕ್ಕಯ್ಯ ಪಂಚೆ ಸರಿಮಾಡ್ಕೊಂಡು ಜಗಲಿಗೆ ಬಂದು ಕುಂತ. ಕಿಶನ್ ಅವನಿಗೆ ಕೈಮುಗಿದು, ಅಮ್ಮಾವ್ರು ಒಳಗವ್ರಾ ಅಂದ. ನಾಗಮಂಗಲದೋರು ಉಂಡ ಸಾರಿನ ಸುದ್ದಿ ಹೇಮಾವತಿ ದಾಟಿತ್ತು.

ಮಂಚಮ್ಮ ಕೊಪ್ಪರಿಗೆ ಪಕ್ಕ ನಿಂತು ನೆಕ್ಕಿ ಇಳಿಸ್ರಪ್ಪಾ ಅನ್ನೋವಾಗ ಚಿಕ್ಕಯ್ಯ ಪೆಂಡಾಲಲ್ಲಿ ಅವಳ ಚೀಲ ಹಿಡ್ಕೊಂಡು ಕುಂತಿದ್ದ. ಎಲೆ ಬಂತು, ಸಾರು ಬಂತು. ಒಂದು ತುತ್ತು ಬಾಯಿಗಿಟ್ಟ. ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು, ಸಂದೇಹವೇ ಇಲ್ಲ, ಕಲ್ಲುಪ್ಪು, ಒಂದೇ ಒಂದು ಚಿಟಿಕೆ. ಪಕ್ಕದೆಲೆಯೋನು ಹೆಂಗದೆ ಯಜಮಾನ್ರೆ ಅಂತ ಕೇಳ್ದ. ಚಿಕ್ಕಯ್ಯ ಹೇಳೋಕೆ ಬಾಯಿ ತೆಗೆದೋನು, ಇನ್ನೊಂದು ತುತ್ತು ಇಟ್ಕೊಂಡು ಅದನ್ನ ನಿಧಾನವಾಗಿ ಅಗೀತಾ ಕುಂತ.